ಮುದ್ದಕ್ಕಜ್ಜಿ ಕರೆದ ಹೆಸರು

ಈ ಸನ್ಮಾನ ಸಭೆಯ ಅಧ್ಯಕ್ಷರಾದ ಪರಮೇಶ್ವರಪ್ಪನವರೇ, ಮುಖ್ಯ ಅತಿಥಿಗಳೇ, ಸಭೆಗೆ ಕಾರಣರಾದ ಮೌನಿಕಾ ಟೀಚರ್ ಅವರೇ, ಕುರ್ಚಿ ಬೇಡವೆಂದು ಜಮಖಾನದ ಮೇಲೇ ಕುಳಿತಿರುವ ಅವರ ಅಜ್ಜಿ ಮುದ್ದಕ್ಕನವರೇ, ಮತ್ತು ಸಾರಿನ ಒಗ್ಗರಣೆ ವಾಸನೆ ಬಂದರೂ ಎದ್ದು ಹೋಗದ ಮಾಡದಕೆರೆಯ ಸಭಿಕರೇ,

ನಾನು ಕಲ್ಲೇಶ್. ಹೊಸದುರ್ಗದಲ್ಲಿ ತಾಲ್ಲೂಕು ಕಚೇರಿ ಎದುರು ಅರ್ಜಿ, ಅಫಿಡವಿಟ್ ಟೈಪ್ ಮಾಡುವವನು. ಕನ್ನಡ ಮಾಧ್ಯಮದ ಬಿ.ಎ.; ಪ್ರಾಸದ ಚಟ ಅಲ್ಲಿಂದ ಅಂಟಿದ್ದು. ‘ಅರ್ಜಿ ನಿಮ್ಮದು, ಮರ್ಜಿ ಅವರದು’ ಎಂದು ಬರೆದು ಮೇಜಿಗೆ ಅಂಟಿಸಿದ್ದೇನೆ. ಸಾಹೇಬರು ಎರಡು ಸಲ ಕೀಳಿಸಿದ್ದಾರೆ.

ಮೌನಿಕಾ ನಾಡಿದ್ದು ಆದಿವಾಲದ ಶಾಲೆಗೆ ಶಿಕ್ಷಕಿಯಾಗಿ ಹೊರಡುತ್ತಿದ್ದಾರೆ. ಹುಟ್ಟಿದಾಗ ಗಂಡೆಂದು ಬರೆಸಿಕೊಂಡವರು; ತಾನು ಹೆಣ್ಣೆಂದು ಮೊದಲು ತಾನು ತಿಳಿದು, ಆಮೇಲೆ ಊರಿಗೆ ತಿಳಿಸಿದವರು. ಇದು ನಿಮಗೆಲ್ಲ ಗೊತ್ತು. ಆದರೆ ಕಾಗದದಲ್ಲಿ ಅವರ ಹೆಸರು ಬದಲಾಗುವುದು ಐದು ವರ್ಷ ತಡವಾಯಿತಲ್ಲ, ಅದು ಯಾರಿಂದ? ಸರ್ಕಾರದಿಂದಲೇ? ಅಲ್ಲ. ಈ ಮೈಕಿನ ಮುಂದೆ ನಿಂತವನಿಂದ.

ಹೆಸರು ಬದಲಿಸಲೆಂದು ಮೊದಲು ನನ್ನ ಬಳಿ ಬಂದಾಗ ಡಿ.ಎಡ್. ಓದುತ್ತಿದ್ದರು. ಓದು ಮುಗಿಯಲಿ, ಅಂಕಪಟ್ಟಿಯೆಲ್ಲ ಒಂದೇ ಹೆಸರಲ್ಲಿರಲಿ ಎಂದೆ. ಮುಗಿಯಿತು. ಟಿಇಟಿ ಪರೀಕ್ಷೆ ಆಗಲಿ ಎಂದೆ. ಆಯಿತು. ಆಯ್ಕೆ ಪಟ್ಟಿ ಬರಲಿ ಎಂದೆ. ಬಂತು, ಹಳೆಯ ಹೆಸರಲ್ಲೇ ಬಂತು. ಆವತ್ತು ಆಕೆ ಕುರ್ಚಿ ಎಳೆದುಕೊಂಡು ಕುಳಿತರು.

“ಅಣ್ಣ, ನೇಮಕಾತಿ ಆದೇಶ ಬರೋದ್ರೊಳಗೆ ಆಗ್ಬೇಕು.”

ಪಟ್ಟಿಯಲ್ಲೊಂದು ಹೆಸರು, ದಾಖಲೆಯಲ್ಲೊಂದು ಹೆಸರಾದರೆ ಕಡತ ನಿಲ್ಲುತ್ತದೆ, ಕೆಲಸವೇ ಕೈತಪ್ಪಬಹುದು, ಆದೇಶ ಸಿಕ್ಕಮೇಲೆ ನೋಡೋಣ ಎಂದೆ. ಬುದ್ಧಿವಂತನ ಸಲಹೆ ಅಲ್ಲವೇ? ನೀವಾಗಿದ್ದರೆ ಬೇರೆ ಹೇಳುತ್ತಿದ್ದಿರೇ?

“ಮೊದಲ್ನೇ ದಿನಾನೇ ಹಾಜರಿ ಪುಸ್ತಕದಾಗೆ ಯಾರ್ದೋ ಸಹಿ ಮಾಡಿ ಮಕ್ಳ ಮುಂದೆ ಹೆಂಗೆ ನಿಂತ್ಕಳ್ಳಲಣ್ಣ?”

ಪ್ರಾಸ ಬದಿಗಿಟ್ಟು, ಬೇಕಾದ ಕಾಗದಗಳ ಪಟ್ಟಿ ಬರೆಯಲು ಕುಳಿತೆ.

ಹೆಸರಿನ ವಿಷಯದಲ್ಲಿ ನಾನು ಇಷ್ಟು ಎಚ್ಚರದವನು ನೋಡಿ. ಇಪ್ಪತ್ತು ವರ್ಷದ ಹಿಂದೆ ನನ್ನ ಮದುವೆಯಲ್ಲಿ, ಹುಡುಗಿಯ ಹೆಸರೂ ನಮ್ಮಕ್ಕನ ಹೆಸರೂ ಒಂದೇ ಆಯಿತೆಂದು ನಮ್ಮಮ್ಮ ಧಾರೆಗೆ ಮೊದಲೇ ಅವಳನ್ನು ಪಲ್ಲವಿ ಮಾಡಿಬಿಟ್ಟರು. ಅಫಿಡವಿಟ್ ಇಲ್ಲ, ಪತ್ರಿಕಾ ಪ್ರಕಟಣೆ ಇಲ್ಲ. ಅವಳನ್ನು ಕೇಳಿದ್ದೂ ಇಲ್ಲ. ಈಗಲೂ ತವರಿನವರು ಫೋನಿನಲ್ಲಿ ಹಳೇ ಹೆಸರಿಂದ ಕರೆದರೆ ಅವಳ ದನಿಯೇ ಬೇರೆ ಇರುತ್ತದೆ. ಅದಿರಲಿ.

ಮೌನಿಕಾರ ಅರ್ಜಿಗೆ, ಎರಡೂ ಹೆಸರಿನವರು ಒಬ್ಬರೇ ಎಂದು ಮನೆಯ ಹಿರಿಯರದೊಂದು ಹೇಳಿಕೆಯೂ ಇರಲಿ ಎಂದೆ. ಬೇಕೇಬೇಕು ಅಂತೇನಿರಲಿಲ್ಲ, ಹೆದರುವವನಿಗೆ ಕಾಗದ ಎಷ್ಟಿದ್ದರೂ ಸಾಲದು. ತಂದೆತಾಯಿ ಕುರಿ ಹೊಡೆದುಕೊಂಡು ವಲಸೆ ಹೋಗಿದ್ದರು. ಸಾಕಿದ ಅಜ್ಜಿಯೇ ಬಂದರು.

“ಅಜ್ಜಿ, ಇವ್ರ ಹಳೇ ಹೆಸ್ರು ಹೇಳ್ರಿ,” ಎಂದೆ. ಅಜ್ಜಿ ಸೆರಗನ್ನು ಬಾಯಿಗೊತ್ತಿಕೊಂಡು ಆಚೆ ನೋಡಿದರು. ಮತ್ತೆ ಕೇಳಿದೆ. ಎದ್ದು ಹೋಗಿ ಕಾಂಪೌಂಡ್ ಪಕ್ಕ ಕುಳಿತರು.

ಅಜ್ಜಿಗೆ ಇಷ್ಟವಿಲ್ಲ ಎಂದುಕೊಂಡೆ. ಮೌನಿಕಾರನ್ನು ಪಕ್ಕಕ್ಕೆ ಕರೆದು ಆಡಬಾರದ ಮಾತಾಡಿದೆ: ಎಂಬತ್ತು ದಾಟಿದ ಜೀವ, ಅವರ ಕಾಲ ಮುಗಿಯಲಿ, ಆಮೇಲೆ ಮಾಡೋಣ. ಅಜ್ಜಿ, ಕ್ಷಮಿಸಿ. ನೀವು ಗಟ್ಟಿಯಾಗೇ ಇದ್ದೀರಿ, ನಿಮ್ಮ ಕೈಯಲ್ಲಿ ಕೋಲೂ ಇದೆ.

ಮೌನಿಕಾ ನಕ್ಕುಬಿಟ್ಟರು. “ಅದು ನಮ್ಮ ತಾತನ ಹೆಸ್ರಣ್ಣ. ಗಂಡನ ಹೆಸ್ರು ಅಜ್ಜಿ ಬಾಯಾಗೆ ಹೆಂಗೆ ಬರುತ್ತೆ? ನನ್ನ ಒಂದಿನಾನೂ ಹೆಸರಿಡಿದು ಕರ್ದಿಲ್ಲ, ಬರೀ ಕೂಸೇ ಅಂತಾಳೆ. ಅವ್ಳು ಇರೋವಾಗ್ಲೇ ಆಗ್ಬೇಕು ಅಂತಿರೋದು ಅದ್ಕೇ ಅಲ್ವಾ?”

ಆವತ್ತೇ ಟೈಪ್ ಮಾಡಿದೆ. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಹೊಸ ಹೆಸರನ್ನು ನಾನು ಓದಿ ಹೇಳಿದಾಗ ಬಾಯೊಳಗೇ ಎರಡು ಸಲ ಹೇಳಿಕೊಂಡು ನೋಡಿದರು. ಆಮೇಲೆ ಇಡೀ ಕಚೇರಿಗೆ ಕೇಳುವಂತೆ, “ಮೌನಿಕಾ, ನೀರು ತಗಂಬಾರೇ,” ಎಂದರು. ಸಾಕಿದ ಕೂಸನ್ನು ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ ಹೆಸರು ಹಿಡಿದು ಕರೆದದ್ದು ಒಂದು ಲೋಟ ನೀರಿಗೆ. ಆಕೆ ನೀರು ತರಲು ಹೋದವರು ಬರುವುದು ಬಹಳ ಹೊತ್ತಾಯಿತು.

ನಾನು ಹೆದರಿದಂತೆ ಕಡತ ನಿಂತಿತು. ನಾಲ್ಕು ತಿಂಗಳು. ಜೊತೆಯವರೆಲ್ಲ ಶಾಲೆ ಸೇರಿದರು; ಆಕೆ ವಾರಕ್ಕೊಮ್ಮೆ ಬಸ್ ಹತ್ತಿ ಚಿತ್ರದುರ್ಗಕ್ಕೆ ಹೋಗಿ ವಿಚಾರಿಸಿ ಬಂದರು. ಹಳೇ ಹೆಸರಲ್ಲೇ ಕೊಟ್ಟುಬಿಡಿ ಎಂದು ಒಮ್ಮೆಯೂ ಅನ್ನಲಿಲ್ಲ. ನಾನಾಗಿದ್ದರೆ ಎರಡನೇ ವಾರವೇ ಅಂದಿರುತ್ತಿದ್ದೆ. ಕೊನೆಗೆ ಆದೇಶ ಬಂತು. ಮೌನಿಕಾ ಎಂದೇ ಬಂತು.

ಹಿಂದಿನ ಸಾಲಿನಲ್ಲಿ ಯಾರೋ ಆ ಹಳೆಯ ಹೆಸರು ಯಾವುದೆಂದು ಪಿಸುಗುಡುತ್ತಿದ್ದೀರಿ. ಅಜ್ಜಿ ಅರವತ್ತು ವರ್ಷ ನಾಲಿಗೆಗೆ ತಾರದ್ದನ್ನು ನಾನು ಮೈಕಿನಲ್ಲಿ ಹೇಳಲೇ?

ಸನ್ಮಾನಿತರನ್ನು ವೇದಿಕೆಗೆ ಕರೆಯುವುದು ನನ್ನ ಪಾಲಿನ ಕೆಲಸವೆಂದು ಆಮಂತ್ರಣದಲ್ಲಿ ಅಚ್ಚಾಗಿದೆ. ಅಧ್ಯಕ್ಷರ ಅಪ್ಪಣೆಯಾದರೆ ಅದನ್ನು ಬಿಟ್ಟುಕೊಡುತ್ತೇನೆ. ಇಷ್ಟು ಹೊತ್ತು ನನ್ನ ಪ್ರಾಸ, ನಿಮ್ಮ ಪ್ರಯಾಸ; ಸಹಿಸಿದ್ದಕ್ಕೆ ಕೈಮುಗಿದೆ. ಎಲ್ಲರಿಗೂ ನಮಸ್ಕಾರ.

ಅಜ್ಜಿ, ಮೈಕ್ ಹಿಡ್ಕಳ್ರಿ. ನೀವೇ ಕರೀರಿ.