ಒಂದೇ ಕೈಯಲ್ಲಿ ತೆರೆಯೋ ಚಾಕು

ಥೂ! ಇದನ್ನ ಚಾಕು ಅಂತಾರಾ ಭಾವ? ಮುಟ್ಟಿ ನೋಡಿ... ಬೇಡ ಬೇಡ, ಮುಟ್ಟಲೇಬೇಡಿ, ಅಂಟು ಅಂಟು! ಯಾರೋ ಏನೋ ತಿಂದ ಕೈಯಲ್ಲಿ ಹಿಡಿದು ಹಾಗೇ ಇಟ್ಟು ಹೋಗಿದ್ದಾರೆ. ಒರೆಸೋಕೂ ಈ ಅಂಗಡಿಯವರಿಗೆ ಸೋಮಾರಿತನ. ಗಾಜಿನ ಕೆಳಗೆ ನೋಡಿ, ಸತ್ತ ನೊಣ. ಚಾಕು ಪಕ್ಕದಲ್ಲೇ ಅಂಗಾತ ಮಲಗಿದೆ. ಅದಕ್ಕೂ ಒಂದು ಬೆಲೆಚೀಟಿ ಅಂಟಿಸಿದ್ರೆ ಮಾರಾಟ ಆಗ್ತಿತ್ತೋ ಏನೋ!

ಯಾಕೆ, ನಗು ಬರಲಿಲ್ವಾ? ಮೊದಲಾದ್ರೆ ಇಂಥ ಮಾತಿಗೆ ಹೊಟ್ಟೆ ಹಿಡ್ಕೊಂಡು ನಗ್ತಿದ್ರಿ.

ಸರಿ ಬಿಡಿ, ಬಂದ ಕೆಲಸ ನೋಡೋಣ. ಐದು ತಿಂಗಳಾದ ಮೇಲೆ ನಾಳೆ ಮತ್ತೆ ಕಾರ್ಖಾನೆಗೆ ಬರ್ತಿದ್ದೀರಿ. ಅಷ್ಟರಲ್ಲಿ ನಿಮ್ಮ ಜೇಬಲ್ಲಿ ಒಂದು ಒಳ್ಳೇ ಮಡಚೋ ಚಾಕು ಇರಬೇಕು. ಬಲಗೈಯಲ್ಲಿ ಹೆಬ್ಬೆರಳಿಲ್ಲ, ಪಕ್ಕದ ಎರಡು ಬೆರಳೂ ಇಲ್ಲ... ಅಂದ್ಮೇಲೆ ಎಡಗೈ ಒಂದರಲ್ಲೇ ತೆರೆಯೋ ಹಾಗಿರಬೇಕು. ಕಣ್ಣು ಮಿಟುಕಿಸೋದ್ರೊಳಗೆ ತೆರೀಬೇಕು!

ಅಂಗಡಿಯವರೇ, ಇದೇನ್ರೀ ಇಷ್ಟು ದಪ್ಪ? ಹನ್ನೊಂದು ಕೆಲಸ ಮಾಡುತ್ತಾ? ಭಾವ, ಕೇಳಿದ್ರಾ, ಹನ್ನೊಂದು ಕೆಲಸವಂತೆ! ಕತ್ತರಿ, ಸ್ಕ್ರೂಡ್ರೈವರ್, ಬಾಟಲಿ ಮುಚ್ಚಳ ತೆಗೆಯೋದು, ಭೂತಗನ್ನಡಿ... ಇದೇನು? ಅಯ್ಯೋ ಕರ್ಮವೇ, ಹಲ್ಲು ಚುಚ್ಚೋ ಕಡ್ಡಿ! ತುದಿ ನೋಡಿ, ಹಳದಿ. ಯಾವನೋ ಬಾಯಿಗೆ ಹಾಕ್ಕೊಂಡು ವಾಪಸ್ ಸಿಗಿಸಿದ್ದಾನೆ. ಇಡ್ರೀ ಒಳಗೆ! ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತ ಹಿರಿಯರು ಸುಮ್ನೆ ಹೇಳಿದ್ರಾ? ನಮಗೆ ಬೇಕಾಗಿರೋದು ಒಂದೇ ಒಂದು ಅಲಗು. ಅದು ತೆರೀಬೇಕು, ತೆರೆದ ಮೇಲೆ ಗಟ್ಟಿಯಾಗಿ ನಿಲ್ಲಬೇಕು. ರೋಲರ್ ಮುಂದೆ ನಿಂತು ಭೂತಗನ್ನಡೀಲಿ ಏನು ನೋಡೋಣ?

ಏನು ಕೆಲಸಕ್ಕೆ ಅಂತ ಕೇಳ್ತಿದ್ದಾರೆ ಭಾವ. ನೀವೇ ಹೇಳಿ... ಹೇಳಲ್ವಾ? ಇವರು ಈಗೀಗ ಮಾತು ಕಮ್ಮಿ ಕಣ್ರೀ, ನಾನೇ ಹೇಳ್ತೀನಿ. ನಮ್ಮದು ಟಾರ್ಪಾಲು ಕಾರ್ಖಾನೆ. ಒಂದೊಂದು ರೋಲರ್‌ಗೆ ಇಬ್ಬಿಬ್ಬರು. ಒಬ್ಬ ರೋಲರ್‌ಗೆ ಬಟ್ಟೆ ಕೊಡೋನು, ಇನ್ನೊಬ್ಬ ಪಕ್ಕ ನಿಂತು ಅವನನ್ನ ಕಾಯೋನು. ಬಟ್ಟೆ ಕೊಡೋನು ಬಟ್ಟೆ ಕಟ್ಟು ಬಿಚ್ಚಿ, ಅದಕ್ಕೆ ಕಟ್ಟಿದ್ದ ಹುರಿನ ಬಿಸಾಕಲ್ಲ, ಮಣಿಕಟ್ಟಿಗೆ ಸುತ್ಕೋತಾನೆ. ಯಾಕೆ ಅಂದ್ರೆ ಸುತ್ತಿದ ಬಟ್ಟೆನ ಕಟ್ಟೋಕೆ ಮತ್ತೆ ಅದೇ ಹುರಿ ಬೇಕು, ಬಗ್ಗಿ ಎತ್ಕೊಳ್ಳೋಕೆ ಸೊಂಟ ಯಾರಿಗಿದೆ? ಸುತ್ಕೋಬೇಡಿ ಅಂತ ಗೋಡೆ ಮೇಲೆ ಇಷ್ಟು ದೊಡ್ಡದಾಗಿ ಬರೆದಿದ್ದಾರೆ. ಅದರ ಕೆಳಗೇ ನಿಂತು ಎಲ್ಲಾರೂ ಸುತ್ಕೋತಾರೆ. ಹುರಿ ತುದಿ ರೋಲರ್‌ಗೆ ಸಿಕ್ತೋ, ಕೈನೂ ಎಳ್ಕೊಂಡು ಹೋಗುತ್ತೆ. ನಿಲ್ಲಿಸೋ ಸ್ವಿಚ್ಚು ಎಲ್ಲೋ ಆ ಕಡೆ ಕಂಬದಲ್ಲಿ. ಅದಕ್ಕೇ ಕಾಯೋನ ಜೇಬಲ್ಲಿ ಯಾವಾಗ್ಲೂ ಚಾಕು. ಬಂದು ಹುರಿ ಕೊಯ್ದ್ರೆ ಮುಗೀತು, ಕೈ ಉಳೀತು.

ಇವರ ಕೈ ಸಿಕ್ಕ ದಿನ ಬಟ್ಟೆ ಕೊಡೋರು ನಮ್ಮ ಭಾವ, ಕಾಯೋನು ನಾನು. ಚಾಕು ತೆರೀಲೇ ಇಲ್ಲ ಕಣ್ರೀ! ಮೇಲೆ ಥಳುಕು, ಒಳಗೆ ಹುಳುಕು. ಕಚ್ಕೊಂಡು ಕೂತುಬಿಡ್ತು. ಎಳೆದೆ, ಎಳೆದೆ, ಈ ಉಗುರು ಕಿತ್ತು ಬಂತು, ನೋಡಿ ಇನ್ನೂ ಸೊಟ್ಟಗೆ ಬೆಳೀತಿದೆ. ಪಕ್ಕದ ರೋಲರಿನವನು ಓಡಿ ಹೋಗಿ ಸ್ವಿಚ್ಚು ಆರಿಸೋ ಹೊತ್ತಿಗೆ... ಆ ದರಿದ್ರ ಚಾಕುನ ಅವತ್ತೇ ಮೋರಿಗೆ ಎಸೆದೆ. ಹೂಂ, ಇವೆಲ್ಲಾ ಬೇಡ, ಒಳಗಡೆಯಿಂದ ಬೇರೆ ಪೆಟ್ಟಿಗೆ ತನ್ನಿ.

ಹೋದ್ರು. ಅಬ್ಬಾ, ಆ ಮನುಷ್ಯನ ಕತ್ತಿನ ಕೊಳೆ ನೋಡಿದ್ರಾ? ಉಜ್ಜಿದ್ರೆ ಬತ್ತಿ ಹೊಸೀಬಹುದು.

ಇದು ನೋಡಿ, ಉಗುರು ಸಿಗಿಸಿ ಎತ್ತಬೇಕು, ಎರಡು ಕೈ ಬೇಕು. ಆಗಲ್ಲ. ಇದರ ಸ್ಪ್ರಿಂಗ್ ಮುಟ್ಟಿದ್ರೆ ಸಾಕು ಚಂಗ್ ಅಂತ ಹಾರುತ್ತೆ. ಜೇಬಲ್ಲೇ ತೆರ್ಕೊಂಡು ಎಲ್ಲಾದ್ರೂ ಚುಚ್ಚಿದ್ರೆ ಅಕ್ಕ ನನ್ನನ್ನ ಹೊಸಿಲು ದಾಟೋಕೆ ಬಿಡಲ್ಲ! ...ಈಗಲೂ ನಗಲ್ಲ. ಹೋಗ್ಲಿ.

ಅಕ್ಕನ ಮಾತು ಬಂತು ಅಂತ ಹೇಳ್ತೀನಿ. ಆ ಕಾರ್ಖಾನೆ ಮೇಸ್ತ್ರಿ ಇದ್ದಾನಲ್ಲ, ಊಟದ ಹೊತ್ತಲ್ಲಿ ಎಲ್ಲರ ಮುಂದೆ ಏನಂದ ಗೊತ್ತಾ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ಅಂತ. ನನಗೆ! ಅವನ ಬಾಯಿ ವಾಸನೆಗಿಂತ ಹಳಸಿದ ಅನ್ನ ಎಷ್ಟೋ ವಾಸಿ, ಮಾತು ಇನ್ನೂ ಗಬ್ಬು. ಅಕ್ಕನ ಕಿವಿಗೂ ಹಾಕ್ತಾನೆ ಅವನು. ಅದಕ್ಕೆ ನೀವು ಅಕ್ಕನಿಗೆ ಒಂದು ಮಾತು ಹೇಳ್ಬಿಡಿ ಭಾವ, ಚಾಕುವಿನದೇ ತಪ್ಪು ಅಂತ. ನಾನು ಸಾವಿರ ಸಲ ಹೇಳೋದು ಬೇರೆ, ನೀವು ಒಂದು ಸಲ ಹೇಳೋದು ಬೇರೆ.

ಯಾಕೆ ಹಾಗೆ ನೋಡ್ತೀರಿ?

ಬಂದ್ರು, ಪೆಟ್ಟಿಗೆ ಬಂತು. ಅಲ್ಲೇ ಇಡ್ರೀ, ನಾವೇ ನೋಡ್ಕೋತೀವಿ, ನೀವು ಆ ಗಿರಾಕಿನ ವಿಚಾರಿಸಿ. ಓಹೋ, ಇದು ಪರವಾಗಿಲ್ಲ ಭಾವ! ಸಾದಾ ಕರೀ ಹಿಡಿ. ಅಲಗಿನ ಬುಡದಲ್ಲಿ ಸಣ್ಣ ಗುಂಡಿ ಇದೆ, ಎರಡೂ ಕಡೆ. ಯಾವ ಕೈಯಾದ್ರೂ ಹೆಬ್ಬೆರಳಲ್ಲಿ ತಳ್ಳಿದ್ರೆ ಸಾಕು. ಅರ್ಧ ಅಲಗು ನುಣುಪು, ಅರ್ಧ ಗರಗಸ, ಹುರಿಗೆ ಗರಗಸವೇ ಸರಿ. ತಗೊಳ್ಳಿ... ಆಹಾ! ಟಕ್ ಅಂತ ತೆರೀತು. ಎಡಗೈಯಲ್ಲಿ ಇಷ್ಟು ಸಲೀಸಾಗಿ! ಮನೇಲಿ ಅಭ್ಯಾಸ ಮಾಡ್ತಿದ್ರಾ? ಯಾವಾಗಿನಿಂದ?

ನಿಮ್ಮನ್ನೊಂದು ಮಾತು ಕೇಳ್ಬೇಕು ಅಂತಿದ್ದೆ. ಮೇಸ್ತ್ರಿ ನಿಮಗೆ ಗೇಟಿನ ಹತ್ರ ಕುರ್ಚಿ ಕೊಡ್ತೀನಿ ಅಂದ್ನಂತೆ. ನೀವೇ ಬೇಡ ಅಂದ್ರಂತೆ. ನನ್ನ ಭಾವಮೈದುನ ಬಟ್ಟೆ ಕೊಡ್ಲಿ, ನಾನು ಅವನ ಪಕ್ಕ ಕಾಯ್ತೀನಿ ಅಂದ್ರಂತೆ. ಹೌದಾ? ...ಒಳ್ಳೇದೇ ಅಲ್ವಾ? ಮನೆಯವರು ಮನೆಯವರನ್ನೇ ಕಾಯೋದು. ಒಳ್ಳೇದು.

ಬನ್ನಿ, ಒಂದು ಸಲ ಪರೀಕ್ಷೆ ಮಾಡಿಬಿಡೋಣ. ಹುರಿ ತಂದಿದ್ದೀನಿ. ನೋಡಿ, ಮಣಿಕಟ್ಟಿಗೆ ಸುತ್ಕೊಂಡೆ. ಈ ತುದಿನ ಈ ಬೀರು ಹಿಡಿಗೆ ಕಟ್ಟಿದೆ. ಇದೇ ರೋಲರ್ ಅಂದ್ಕೊಳ್ಳಿ, ನನ್ನ ಕೈ ಒಳಗೆ ಹೋಗ್ತಿದೆ. ಭಾವ! ಭಾವ! ಕತ್ತರಿಸಿ!

...ಕತ್ತರಿಸಿ ಅಂದ್ನಲ್ಲ. ಚಾಕು ತೆರೆದೇ ಇದೆ. ಎರಡೇ ಹೆಜ್ಜೆ. ಯಾಕೆ ಹಾಗೇ ಹಿಡ್ಕೊಂಡು ನಿಂತ್ರಿ?

ತಮಾಷೆ ಸಾಕು ಭಾವ. ಆ ಗಿರಾಕಿ ನೋಡ್ತಿದ್ದಾನೆ.

ಇದೇನು... ಮಡಚಿಬಿಟ್ರಾ? ಮಡಚಿ, ಜೇಬಿಗೆ ಹಾಕ್ಕೊಂಡು...

ಅಯ್ಯೋ.

ಅವತ್ತು ನಿಮ್ಮ ಮುಖ ಆ ಕಡೆ ಇತ್ತು. ಕಿರುಚ್ತಾ ಇದ್ರಿ, ಕಣ್ಣು ಮುಚ್ಚಿತ್ತು... ಮುಚ್ಚಿರಲಿಲ್ವಾ? ನನ್ನನ್ನೇ ನೋಡ್ತಿದ್ರಾ?

ಹಾಗಾದ್ರೆ ನಿಮಗೆ ಗೊತ್ತು. ಮೊದಲ ದಿನದಿಂದ ಗೊತ್ತು.

ತೆರೀತು ಭಾವ. ಅವತ್ತೂ ಹೀಗೇ, ಟಕ್ ಅಂತ ತೆರೀತು. ಕಾಲು ಏಳಲಿಲ್ಲ. ನನ್ನ ಕೈಯೂ ಒಳಗೆ ಹೋದ್ರೆ ಅಂತ... ಅಷ್ಟೇ ಹೊಳೆದಿದ್ದು. ಆಮೇಲೆ ಪಕ್ಕದ ರೋಲರಿನವನು ಸ್ವಿಚ್ಚಿಗೆ ಓಡೋದು ಕಾಣಿಸ್ತು. ತೆರೆದ ಚಾಕು ನನ್ನ ಕೈಯಲ್ಲಿ ಅವನ ಕಣ್ಣಿಗೆ ಬೀಳಬಾರದಲ್ಲ... ಮಡಚಿದೆ. ನಿಮ್ಮ ಕೈ ಇನ್ನೂ ಒಳಗಿತ್ತು, ನಾನು ನಿಂತು ಚಾಕು ಮಡಚಿದೆ! ಉಗುರು ಕಿತ್ತಿದ್ದು ಆಮೇಲೆ, ಬಚ್ಚಲಮನೆ ಬಾಗಿಲಿಗೆ ಕೊಟ್ಟು, ನಾನೇ. ಥೂ, ನನ್ನ ಜನ್ಮಕ್ಕಿಷ್ಟು! ಆ ಬೆರಳಲ್ಲೇ ಅನ್ನ ಕಲಸ್ತೀನಿ. ಪಾಪ ಉಗುರು ಕಿತ್ಕೊಂಡ ನನ್ನ ತಮ್ಮ ಅಂತ ಅಕ್ಕ ಇನ್ನೊಂದು ಸೌಟು ಬಡಿಸ್ತಾಳೆ, ನೀವು ಎದುರಿಗೆ ಕೂತು ಎಡಗೈಯಲ್ಲಿ ಚಮಚ ಹಿಡ್ಕೊಂಡಿರ್ತೀರಿ, ನಾನು ತಿಂತೀನಿ. ನುಂಗ್ತೀನಿ! ಒಂದು ದಿನಾನೂ ನೀವು ಬಾಯಿ ಬಿಡಲಿಲ್ಲ. ಯಾಕೆ ಭಾವ? ಬೈದಿದ್ರೆ ಆಗ್ತಿತ್ತು. ಅಕ್ಕನಿಗೆ ಹೇಳಿ ಹೊರಗೆ ಹಾಕಿಸಿದ್ರೆ ಆಗ್ತಿತ್ತು.

ಎಲ್ಲಿಗೆ? ದುಡ್ಡು ಕೊಟ್ಬಿಟ್ರಾ? ನಿಂತ್ಕೊಳ್ಳಿ, ಈ ಹುರಿ ಬಿಗಿದುಬಿಟ್ಟಿದೆ, ಗಂಟು ಬಿಚ್ತಾ ಇಲ್ಲ... ಭಾವ! ನಾಳೆ ಎಂಟು ಗಂಟೆಗೆ ರೋಲರ್ ಮುಂದೆ ಕೈ ಚಾಚೋನು ನಾನು. ನೀವು ಕತ್ತರಿಸ್ತೀರಿ ತಾನೆ? ಹೂಂ ಅನ್ನಿ ಭಾವ. ಉಹೂಂ ಅಂತಾದ್ರೂ ಅನ್ನಿ!