ಹೊಸಬರಿಗೆಂದು ಇಟ್ಟ ಹದಿನೇಳು ತಪ್ಪುಗಳು

ಅಮೆರಿಕದ ಡುಲೂತ್ ಊರಿನ ಬಸ್ ಸ್ಟಾಪಿನಲ್ಲಿ, ಒಗೆದ ಬಟ್ಟೆಯ ಚೀಲವನ್ನು ಕಾಲಬುಡದಲ್ಲಿಟ್ಟುಕೊಂಡು ಕೂತಿದ್ದ ವರ್ನಾಳ ಕಿವಿಗೆ ಪಕ್ಕದ ಇಬ್ಬರ ಮಾತು ಬೇಡವೆಂದರೂ ಬೀಳುತ್ತಿತ್ತು. ಒಬ್ಬಳು ನರೆಗೂದಲಿನ ಹೆಂಗಸು, ಇನ್ನೊಬ್ಬ ಲ್ಯಾಪ್‌ಟಾಪ್ ತಬ್ಬಿಕೊಂಡ ಗಡ್ಡದವನು.

“ಶನಿವಾರಕ್ಕೆ ನಲವತ್ತು ಜನ ಹೆಸರು ಕೊಟ್ಟಿದ್ದಾರೆ, ಸೋಲ್ವೇಗ್. ಎಲ್ಲರೂ ಅವರವರ ಮನೇಲೇ ಕೂತು ನಕ್ಷೆ ತೋರಿಸೋ ನಮ್ಮ ಸಾಫ್ಟ್‌ವೇರಿನ ಕೋಡನ್ನ ತಿದ್ದುತ್ತಾರೆ,” ಎಂದ ಗಡ್ಡದವನು.

“ತಿದ್ದೋದು ಏನನ್ನ, ಬ್ರೆಂಟ್?”

“ಅಂದ್ರೆ?”

“ಹೊಸಬರು ಕೈ ಪಳಗಿಸ್ಕೊಳ್ಳಲಿ ಅಂತ ಸಣ್ಣಪುಟ್ಟ ತಪ್ಪು ಹದಿನೇಳು ಎತ್ತಿಟ್ಟಿದ್ದೆ. ನದಿ ಹೆಸರು ತಲೆಕೆಳಗಾಗೋದು, ದ್ವೀಪಕ್ಕೆ ನೀರಿನ ಬಣ್ಣ ಬರೋದು. ಎಲ್ಲಿ ಅವು?”

“ನಾನೇ ಸರಿಮಾಡಿಬಿಟ್ಟೆ. ಜನ ಬರೋ ಹೊತ್ತಿಗೆ ಚೊಕ್ಕಟವಾಗಿರಲಿ ಅಂತ.”

“ಆಹಾ, ಜಾಣ! ನೆಂಟರನ್ನ ಊಟಕ್ಕೆ ಕರೆದು, ಅವರು ಬರೋ ಮೊದಲೇ ಉಂಡು ಪಾತ್ರೆ ತೊಳೆದಿಟ್ಟೆ.”

“ದೊಡ್ಡ ತಪ್ಪುಗಳು ಇವೆಯಲ್ಲ?”

“ಅವು ಮೂರು ವರ್ಷದಿಂದ ನನಗೇ ಬಗ್ಗಿಲ್ಲ. ಹೊಸಬರು ಅರ್ಧ ಗಂಟೆ ನೋಡಿ ಹೋದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ. ಮಾರ್ಚ್‌ಗೆ ನಾನು ಈ ಕೆಲಸ ಬಿಡ್ತೀನಿ. ಆಮೇಲೆ ನೋಡ್ಕೊಳ್ಳೋರು ಯಾರು, ನೀನಾ?”

ಬ್ರೆಂಟ್ ಲ್ಯಾಪ್‌ಟಾಪನ್ನು ತೊಡೆಯ ಮೇಲಿಳಿಸಿದ.

“ಈಗೇನ್ ಮಾಡ್ಲಿ?”

“ಸರಿಮಾಡಿದ್ದನ್ನೆಲ್ಲ ಮೊದಲಿನ ಹಾಗೇ ಕೆಡಿಸು, ಮಹಾರಾಯ. ಕೆಡಿಸೋದಾದ್ರೂ ಬರುತ್ತಲ್ಲ?”

ಬಸ್ಸು ಬಂತು. ಸೋಲ್ವೇಗ್ ತಿರುಗಿಯೂ ನೋಡದೆ ಹತ್ತಿದಳು, ಅವಳ ಬೆನ್ನಿಗೆ ವರ್ನಾ. ಕಿಟಕಿಯಿಂದ ನೋಡಿದರೆ ಬ್ರೆಂಟ್ ಬೆಂಚು ಬಿಟ್ಟು ಎದ್ದೇ ಇರಲಿಲ್ಲ. ಕೈಗವಸು ಕಳಚಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು, ನೆಟ್ಟಗಿದ್ದ ನದಿಯ ಹೆಸರನ್ನು ತಲೆಕೆಳಗು ಮಾಡಲು ಕೂತಿದ್ದ.