ಹಳದಿಯಾಗಬೇಕಿದ್ದ ಬಟಾಣಿ ಗಿಡಗಳು

ಹಲೋ… ಯಾರು ಮಾತಾಡ್ತಿರೋದು? ಬೇಗ ಹೇಳಿ, ಈ ಕಡೆ ಇರೋನು ಅಂಥಿಂಥ ಆಸಾಮಿ ಅಲ್ಲ. ಮುನ್ನೂರು ಕೋಟಿ ಆಳುಗಳ ಯಜಮಾನ. ಎಲ್ಲರೂ ನನ್ನ ಸಿಳ್ಳೆಗೆ ಏಳ್ತಾರೆ, ನನ್ನ ಸಿಳ್ಳೆಗೆ ಮಲಗ್ತಾರೆ, ಒಬ್ಬನಿಗೂ ಸಂಬಳ ಇಲ್ಲ…

… ಓ, ಅಕ್ಕಾ! ನೀನಾ? ಇದ್ಯಾರ ನಂಬರು? … ಹಾಂ, ನೀನು ಭಾಷಣಕ್ಕೆ ಹೋಗಿರೋ ವಿಜ್ಞಾನ ಸಭೆಯವರ ಫೋನಾ. ನಾನು ಯಾರೋ ಪತ್ರಿಕೆಯವರು ಅಂದ್ಕೊಂಡೆ. … ಬರ್ತಾರೆ ಕಣಕ್ಕಾ, ಬರದೆ ಎಲ್ಲಿಗೆ ಹೋಗ್ತಾರೆ? … ಕುಂಡಕ್ಕೆ ನೀರು ಹಾಕೋನು ಅನ್ನಬೇಡ. ನಿನ್ನ ಗಾಜಿನ ಮನೆಗೆ ನಾನೇ ಅಧಿಪತಿ. ಫೋಟೋ ನೋಡಿದೆ ಅಲ್ವಾ?

… ಎರಡನೇ ಸಾಲೇ. ಅದೇ ಬಟಾಣಿ. ಹಸಿರು ಅಂದ್ರೆ ಬಾಗಿಲು ತೆಗೆದ ಕೂಡಲೇ ಕಣ್ಣು ಕುಕ್ಕುತ್ತೆ. ನಿನ್ನೆ ಒಂದು ಗಿಳಿ ಗಾಜಿನ ಹತ್ರ ಕೂತು ಒಳಗೆ ನೋಡ್ತು, ತನ್ನ ಮೈಬಣ್ಣ ನೋಡ್ಕೊಂಡು ನಾಚಿ ಹಾರಿಹೋಯ್ತು…

… ಗೊತ್ತು, ಗೊತ್ತು. ಹಳದಿ ಆಗಬೇಕಿತ್ತು. ನಾನೇನು ಎಳೆ ಮಗುನಾ? ಬೇರಿನ ಗಂಟಲ್ಲಿ ಕೂತ ಬ್ಯಾಕ್ಟೀರಿಯಾ, ಅಂದ್ರೆ ನನ್ನ ಮುನ್ನೂರು ಕೋಟಿ ಆಳುಗಳು, ಗಾಳಿಯಿಂದ ಸಾರಜನಕ ಹಿಡಿದು ಗಿಡಕ್ಕೆ ಉಣಿಸುತ್ತೆ. ಮೊದಲನೇ ಸಾಲಲ್ಲಿ ಅದೇ ನಡೀತಿರೋದು. ಎರಡನೇ ಸಾಲಿನ ಬ್ಯಾಕ್ಟೀರಿಯಾಗೆ ಆ ಅಡುಗೆ ಬರೋ ಜೀನನ್ನೇ ನೀನು ಕಿತ್ತು ಹಾಕಿದ್ದೀಯ. ಅಡುಗೆ ಇಲ್ಲ, ಗಿಡಕ್ಕೆ ಉಪವಾಸ, ಎಲೆ ಹಳದಿ. ಮೂರು ವರ್ಷದಿಂದ ಇದನ್ನೇ ಜಪ ಮಾಡ್ತಿದ್ದೀಯ. ಆದ್ರೆ ನನ್ನ ಕೈಗೆ ಬಂದಿದ್ದೇ ತಡ, ಜೀನ್ ಇಲ್ಲದೇನೇ ಅಡುಗೆ ಕಲಿತುಬಿಟ್ವು!

… ಮತ್ತೆ? ಬದಲಾಯಿಸು! ಭಾಷಣ ಪೂರ್ತಿ ಬದಲಾಯಿಸು. ಆ ಜೀನ್ ಬೇಕೇ ಇಲ್ಲ ಅನ್ನು. ಪುಸ್ತಕ ಬರೆದೋರೆಲ್ಲ ರಬ್ಬರು ಹುಡುಕ್ಕೊಳ್ಳಲಿ. ನನ್ನ ಹೆಸರು ಮಾತ್ರ ಮೊದಲು ಹೇಳು. ಬರೀ ತಮ್ಮ ಅಂತ ಬೇಡ, ಪೂರ್ತಿ ಹೆಸರು. … ಈಗ ಮಾತಾಡ್ತಿರೋರು ಮುಗಿಸಿದ ಮೇಲೆ ನೀನೇನಾ? ಅಷ್ಟು ಬೇಗಾ?

… ಗಂಟು ಕತ್ತರಿಸಬೇಕಾ? ಈಗಲಾ? ಯಾಕೆ, ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ? … ಇಲ್ವಾ. ಸರಿ. ಬ್ಲೇಡು ಎಲ್ಲಿ ಹೋಯ್ತು… ಹಾಂ, ಸಿಕ್ತು. ತಾಳು, ಫೋನನ್ನ ಭುಜಕ್ಕೆ ಸಿಕ್ಕಿಸ್ಕೊಂಡಿದ್ದೀನಿ. ಗಿಡ ಕಿತ್ತೆ. ಮರಳು ಒದರಿದೆ. ಅಬ್ಬಾ, ಗಂಟು ದ್ರಾಕ್ಷಿ ಗೊಂಚಲಿನ ಹಾಗಿದೆ! … ಎಷ್ಟಾ? … ನಾಲ್ಕು. ನಾಲ್ಕಿದ್ರೂ ಗೊಂಚಲೇ ಅಲ್ವಾ?

… ಕತ್ತರಿಸಿದೆ. ಒಳಗೆ… ಗುಲಾಬಿ. … ಗುಲಾಬಿ ಅಂದ್ರೆ ಗುಲಾಬಿ. ದುಡಿಯೋ ಗಂಟು ಒಳಗೆ ಗುಲಾಬಿ ಬಣ್ಣ ಇರುತ್ತೆ ಅಂತ ನೀನೇ ತಾನೇ ಹೇಳಿಕೊಟ್ಟಿದ್ದು? … ಎಂಥ ಗುಲಾಬಿ ಅಂದ್ರೆ… ಬಿಳಿ ಗುಲಾಬಿನೂ ಇರುತ್ತಲ್ವಾ, ಆ ಥರ.

… ಬಿಳಿ. ಹಾಂ, ಬರೀ ಬಿಳಿ. ಸುಣ್ಣ. … ಹಾಗಂದ್ರೆ ಅಡುಗೆ ನಡೀತಾ ಇಲ್ಲ ಅಂತಾನಾ? ಮತ್ತೆ ಎಲೆ ಹಸಿರು ಹೇಗೆ ಅಂತ ನನ್ನ ಕೇಳಿದ್ರೆ? … ರಾತ್ರಿ ಪಾಳಿ ಮಾಡ್ತಿರಬಹುದು. … ಬೈಬೇಡ, ಸುಮ್ನೆ ಅಂದೆ.

… ಮೂರನೇ ಸಾಲಾ? ಬ್ಯಾಕ್ಟೀರಿಯಾನೇ ಹಾಕದ ಕುಂಡಗಳು? ಅದರ ಮಾತು ಈಗ ಯಾಕೆ? … ಇದೆ, ಎದುರಿಗೇ ಇದೆ. ಬಣ್ಣ… ಈ ಬೆಳಕಲ್ಲಿ ಸರಿಯಾಗಿ ಕಾಣಲ್ಲ… ಹಸಿರು. … ಕಿತ್ತು ನೋಡಿದೆ. ಗಂಟು ಒಂದೂ ಇಲ್ಲ. ಬೇರು ನುಣ್ಣಗೆ ದಾರದ ಥರ ಇದೆ.

… ಅಕ್ಕಾ? … ಬ್ಯಾಕ್ಟೀರಿಯಾನೇ ಇಲ್ಲದೆ ಇವಕ್ಕೆ ಸಾರಜನಕ ಎಲ್ಲಿಂದ ಬಂತು ಅಂತಾನಾ? ಏನದು ಸದ್ದು? ಚಪ್ಪಾಳೆನಾ? … ನಿನ್ನ ಕರೀತಿದ್ದಾರಾ? ತಡಿ, ತಡಿ, ಹೋಗಬೇಡ!

ಯೂರಿಯಾ.

… ನಾನೇ. ಸಾರಜನಕದ ಗೊಬ್ಬರ ಅಂತ ಗೊತ್ತಿದ್ದೂ ನೀರಲ್ಲಿ ಕದಡಿ ಹಾಕಿದೆ. ಒಂದು ಚಿಟಿಕೆ… ಅಲ್ಲ, ಧಾರಾಳವಾಗೇ. ಮೂರೂ ಸಾಲಿಗೆ. … ಹುಡುಗಿ ಮನೆಯವರು ನನ್ನ ಕೆಲಸದ ಜಾಗ ನೋಡಬೇಕು ಅಂದ್ರು. ನಾನು ಮುಟ್ಟಿದ್ದೆಲ್ಲ ಚಿಗುರುತ್ತೆ ಅಂತ ಅವಳ ಅಮ್ಮನ ಹತ್ರ ಕೊಚ್ಕೊಂಡಿದ್ದೆ. ಬಂದು ನೋಡಿದ್ರೆ ಎರಡು ಸಾಲು ಹಳದಿ ರೋಗಿಗಳು! ಇವು ಸೊರಗಿದ್ರೇನೇ ನಾವು ಗೆದ್ದ ಹಾಗೆ ಅಂತ ಯಾವ ಅತ್ತೆಗೆ ಹೇಳಿ ಒಪ್ಪಿಸೋದು? ಅದಕ್ಕೇ ಅವರು ಬರೋಕೆ ಒಂದು ವಾರ ಮುಂಚೆನೇ… ಆಮೇಲೆ ನೀನು ಭಾಷಣಕ್ಕೆ ಫೋಟೋ ಕೇಳಿದೆ. ಇದ್ದಿದ್ದು ಹಸಿರು. ಕಳಿಸಿಬಿಟ್ಟೆ.

… ಅವಳ ಅಮ್ಮ ಮೆಚ್ಚಿದ್ರು. ಹುಡುಗಿ ಮಾತ್ರ ಮೂರೂ ಸಾಲು ನಿಧಾನಕ್ಕೆ ನೋಡಿದಳು. "ಎಲ್ಲಾ ಒಂದೇ ಥರ ಇದೆಯಲ್ಲ, ಹಾಗಾದ್ರೆ ಇಲ್ಲಿ ನೀವು ಕಂಡುಹಿಡಿಯೋದು ಏನು?" ಅಂದಳು. ಬಾಯಿ ಕಟ್ಟಿಹೋಯ್ತು ಕಣಕ್ಕಾ. ನನ್ನ ಬಾಯಿ!

… ಹೋದ ಸಲ ಬೆಳೆಸಿದ ಗಿಡಗಳ ಫೋಟೋನೇ ತೋರಿಸು, ಹಳದಿದು. ಅದು ನಿಜದ್ದು, ನಿನ್ನಾಣೆ. ಹೊಸ ಬೀಜ ಇವತ್ತೇ ಬಿತ್ತುತ್ತೀನಿ. … ನಗ್ತಿದ್ದೀಯಾ? … ಏನು? ಆ ಹುಡುಗಿ ಕೇಳಿದ ಪ್ರಶ್ನೆಯಿಂದಲೇ ಶುರು ಮಾಡ್ತೀಯಾ? ಯೂರಿಯಾದ್ದೂ ಹೇಳ್ತೀಯಾ? ಅಷ್ಟು ಜನದ ಮುಂದೆ? … ಸರಿ, ಹೇಳು. ತಮ್ಮ ಅಂತಲೂ ಹೇಳು. ಆದ್ರೆ ಅಕ್ಕಾ, ದಮ್ಮಯ್ಯ, ನನ್ನ ಹೆಸರು ಮಾತ್ರ…

ಹಲೋ? … ಅಕ್ಕಾ? … ಹಲೋ…